ಹೊರಗಿದ್ದವನಿಗೊಂದು ಓಟು

ತೂಬಿನಕೊಪ್ಪಕ್ಕೆ ಪಂಚಾಯ್ತಿ ಚುನಾವಣೆ ಬಂದದ್ದು ಮಹಾರಾಜರ ಸರ್ಕಾರದ ಕಾಲದಲ್ಲಿ, ಒಂದು ಮಾಗಿಯಲ್ಲಿ. ಬರಲಿ ಎಂದು ಊರಿನ ಯಾರೂ ಹರಕೆ ಹೊತ್ತಿರಲಿಲ್ಲ. ಹೊಸನಗರದಿಂದ ಒಬ್ಬ ಜವಾನ ನಡೆದು ಬಂದು, ಚಾವಡಿಯ ಕಂಬಕ್ಕೆ ಒಂದು ಕಾಗದ ಅಂಟಿಸಿ, ಓದಬಲ್ಲವರು ಹತ್ತಿರದಲ್ಲಿ ಯಾರೂ ಕಾಣದ್ದರಿಂದ ತಾನೇ ಓದಿ ಹೇಳಿ, ಎಲೆಯಡಿಕೆ ಹಾಕಿಕೊಂಡು ಹೊರಟುಹೋದ. ಕಂದಾಯ ಕಟ್ಟುವ ಪ್ರತಿಯೊಬ್ಬನಿಗೂ ಒಂದು ಓಟು. ಓಟು ಎಂದರೆ ಕಂದಾಯದ ಅಧಿಕಾರಿ ಶೇಕದಾರರ ಮುಂದೆ ನಿಂತು, ನೆರೆದವರಿಗೆಲ್ಲ ಕೇಳುವ ಹಾಗೆ, ತನಗೆ ಬೇಕಾದವನ ಹೆಸರು ಹೇಳುವುದು. ಪೆಟ್ಟಿಗೆ, ಪರದೆ, ಗುಟ್ಟು ಇವೆಲ್ಲ ಆಮೇಲೆ ಬಂದ ಸೌಕರ್ಯಗಳು. ಊರೆದುರು ಹೆಸರು ಹೇಳಿಸಿ, ಇನ್ನು ಅದೇ ಊರಲ್ಲಿ ಬಾಳಿಕೋ ಎಂದು ಕಾನೂನು ಮಾಡಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಅವನು ಇನ್ನೊಬ್ಬರ ಗದ್ದೆಯನ್ನು ಗೇಣಿಗೆ ಮಾಡಿದವನಂತೂ ಅಲ್ಲ.

ಹೂವಪ್ಪ ಗೇಣಿಗೆ ಮಾಡಿದವನು. ಕೆರೆಯ ಪಕ್ಕದಲ್ಲಿ ಅವನಿಗೆ ಅಂಗೈಯಗಲ ಸ್ವಂತ ಜಾಗವಿತ್ತು. ಅದಕ್ಕೆ ಕಂದಾಯ ಕಟ್ಟುತ್ತಿದ್ದದ್ದರಿಂದ ಓಟು ಬಂತು. ಆದರೆ ಹೊಟ್ಟೆ ತುಂಬುತ್ತಿದ್ದದ್ದು ಕೆರೆಯ ಕೆಳಗಿನ ನೇಮಿರಾಜ ಹೆಗ್ಗಡೆಯವರ ಗದ್ದೆಯಿಂದ. ಆ ಕೆರೆಗೆ ನೀರು ಬರುತ್ತಿದ್ದದ್ದು ಮೇಲಿನ ಸುಬ್ಬಯ್ಯನವರ ತೋಟದೊಳಗಿನ ಕಾಲುವೆಯಿಂದ. ಪಂಚಾಯ್ತಿಯ ಚೇರ್ಮನ್ ಆಗಲು ನಿಂತವರು ಇವರಿಬ್ಬರೇ. ಹೆಗ್ಗಡೆಯವರ ಹೆಸರು ಹೇಳಿದರೆ ನೀರು ಹೋಯಿತು, ಸುಬ್ಬಯ್ಯನವರ ಹೆಸರು ಹೇಳಿದರೆ ಗದ್ದೆ ಹೋಯಿತು. ಮನೆಯಲ್ಲಿ ಮುದಿ ತಾಯಿ ಕೆರಿಯಮ್ಮ ಇದ್ದಳು, ಹೆಂಡತಿ ಜಲಜಮ್ಮ ಇದ್ದಳು. ಗದ್ದೆಯಾಗಲಿ ನೀರಾಗಲಿ ಒಂದು ತಪ್ಪಿದರೂ ಮುಂದಿನ ಮಳೆಗಾಲದ ಗಂಜಿಗೆ ಕಲ್ಲು ಬೀಳುತ್ತಿತ್ತು.

ಇಷ್ಟೇ ಆಗಿದ್ದರೆ ಹೇಗೋ ಕಣ್ಣು ಮುಚ್ಚಿ ಒಂದು ಹೆಸರು ಹೇಳಿ ಬಂದುಬಿಡುತ್ತಿದ್ದ. ಇಬ್ಬರ ಹೆಸರೂ ಬಾಯಿಗೆ ಬಾರದ ಹಾಗೆ ಗಂಟಲಲ್ಲಿ ಅಡ್ಡ ನಿಂತಿದ್ದವನು ಅವನ ಅಣ್ಣ ಮಾಸ್ತಪ್ಪ.

ಮಾಸ್ತಪ್ಪ ಆ ಕೆರೆಯ ನೀರುಗಂಟಿ. ಬಿದನೂರಿನ ಅರಸರು ಕಟ್ಟಿಸಿದ್ದೆನ್ನುವ ಹಳೆಯ ಕೆರೆ. ಏರಿಯ ಒಳಮಗ್ಗುಲಿಗೆ ಕಲ್ಲಿನ ತೂಬು, ತೂಬಿನ ಬಾಯಿಗೆ ಹೆಬ್ಬಲಸಿನ ಗೂಟ. ಗೂಟ ಎತ್ತಿದರೆ ನೀರು ಗದ್ದೆಗೆ, ಇಳಿಸಿದರೆ ಕೆರೆಯಲ್ಲೇ. ಎತ್ತುವುದು ಇಳಿಸುವುದು ಮಾಸ್ತಪ್ಪನ ಕೆಲಸ. ಮೂರು ವರ್ಷದ ಹಿಂದೆ ಪುಷ್ಯ ಮಳೆ ಹುಚ್ಚೆದ್ದು ಹೊಡೆದಾಗ ಕೆರೆ ಅಂಚಿಗೆ ಬಂದಿತ್ತು. ಗೂಟ ಎತ್ತದಿದ್ದರೆ ನೀರು ಹಿಂದಕ್ಕೆ ಒತ್ತಿ ಸುಬ್ಬಯ್ಯನವರ ತೋಟ ಮುಳುಗುತ್ತಿತ್ತು. ಎತ್ತಿದರೆ ಆಗಷ್ಟೇ ಸಸಿ ನೆಟ್ಟು ಮುಗಿಸಿದ ಹೆಗ್ಗಡೆಯವರ ಗದ್ದೆ ಕೊಚ್ಚಿಹೋಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಮಾಸ್ತಪ್ಪ ನೀರಿಗಿಳಿದ. ಮತ್ತೆ ಏಳಲಿಲ್ಲ. ಕೋಡಿ ಬಿದ್ದ ನೀರು ಹಳ್ಳಕ್ಕೆ, ಹಳ್ಳದ ನೀರು ಶರಾವತಿಗೆ. ಹೆಣವೂ ಸಿಗಲಿಲ್ಲ. ಬೆಳಗ್ಗೆ ನೋಡಿದರೆ ಗೂಟ ಅರ್ಧ ಎದ್ದು ಅರ್ಧ ಇಳಿದು ಓರೆಯಾಗಿ ನಿಂತಿತ್ತು. ಎತ್ತಲು ಹೋದನೋ ಇಳಿಸಲು ಹೋದನೋ, ಅಂದರೆ ಯಾರ ಮಾತಿಗೆ ಹೋದನೋ, ಅದು ಹೇಳುವುದಕ್ಕೆ ಅವನೊಬ್ಬನೇ ಇರಬೇಕಾಗಿತ್ತು.

ಹೂವಪ್ಪನ ಜನರಲ್ಲಿ ಸತ್ತವರನ್ನು ಒಳಗೆ ಕರೆಯುವ ಪದ್ಧತಿಯಿದೆ. ಸಾವಾದ ಮೇಲೆ ಜೀವ ಹೊಸಿಲಾಚೆ ನಿಂತಿರುತ್ತದೆ. ಅದನ್ನು ಹೆಸರು ಹಿಡಿದು ಬಾ ಎಂದು ಕರೆದು, ಒಳಕೋಣೆಯ ಹಿರಿಯರ ಮಣೆಗೆ ಸೇರಿಸಬೇಕು. ಮನೆಯಲ್ಲಿ ಸತ್ತವರನ್ನು ಮನೆಯವರು ಕರೆಯಬಹುದು. ಹೊರಗೆ ಸತ್ತವರನ್ನು ಕರೆಯಬೇಕಾದವನು ಅವರನ್ನು ಕಡೆಗೆ ಕಂಡವನು. ಅವನು ಎಲ್ಲಿ ನಿಂತು ಕರೆದರೂ ಸರಿ, ಆದರೆ ಅವನೇ ಕರೆಯಬೇಕು. ಕಡೆಗೆ ಕಂಡ ಕಣ್ಣಿನಲ್ಲಿ ಜೀವ ಸಿಕ್ಕಿಕೊಂಡಿರುತ್ತದೆ ಎನ್ನುತ್ತಿದ್ದಳು ಕೆರಿಯಮ್ಮ.

ಮಾಸ್ತಪ್ಪನನ್ನು ಕಡೆಗೆ ಕಂಡವರು ಯಾರು? ಕೆರಿಯಮ್ಮ ಇಬ್ಬರ ಬಾಗಿಲಿಗೂ ಹೋಗಿ ಕೈಮುಗಿದು ಕೇಳಿದ್ದಳು. ನಾನು ತೋಟದ ಬೇಲಿಯಿಂದ ಈಚೆಗೇ ಬಂದಿಲ್ಲ, ಹೆಗ್ಗಡೆಯವರನ್ನು ಕೇಳು ಎಂದರು ಸುಬ್ಬಯ್ಯ. ನಾನು ಏರಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು ಕೆರಿಯಮ್ಮ, ಎಂದರು ಹೆಗ್ಗಡೆಯವರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಪ್ರತಿ ಅಮಾವಾಸ್ಯೆಗೆ ಹುಲ್ಲಿನಲ್ಲಿ ಕಟ್ಟಿದ ಒಂದು ಮುಡಿ ಅಕ್ಕಿಯನ್ನು ಅವಳ ಮನೆಗೆ ತಪ್ಪದೆ ಕಳಿಸುತ್ತಿದ್ದರು. ಒಳ್ಳೆಯ ಮನುಷ್ಯ. ಊರೆಲ್ಲ ಹಾಗೇ ಹೇಳುತ್ತಿತ್ತು, ಹೂವಪ್ಪನೂ ಹಾಗೇ ನಂಬಿದ್ದ. ನಂಬಿದ್ದರೂ ಏನೋ ಒಂದು ಚುಚ್ಚುತ್ತಿತ್ತು.

ಹೀಗಾಗಿ ಮಾಸ್ತಪ್ಪ ಮೂರು ವರ್ಷದಿಂದ ಹೊರಗೇ ಇದ್ದ. ಇದ್ದ ಎಂದರೆ ಸುಮ್ಮನೆ ಮಾತಿಗೆ ಇದ್ದ ಎಂದಲ್ಲ. ಪ್ರತಿದಿನ ಸಂಜೆ ಕೆರಿಯಮ್ಮ ಮೆಟ್ಟಿಲ ಬುಡದಲ್ಲಿ ಒಂದು ಚೊಂಬು ನೀರಿಡುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಯಾರೋ ಕಾಲು ತೊಳೆದುಕೊಳ್ಳುವ ಸದ್ದಾಗುತ್ತಿತ್ತು. ಮೊದಲು ನೀರು ಸುರಿದ ಸದ್ದು, ಆಮೇಲೆ ಒಂದು ಕಾಲಿಗೆ ಇನ್ನೊಂದು ಕಾಲನ್ನು ಉಜ್ಜಿದ ಸದ್ದು. ಮಾಸ್ತಪ್ಪ ಕೆರೆಯಿಂದ ಬಂದಾಗ ಕೆಸರು ತೊಳೆಯುತ್ತಿದ್ದದ್ದು ಹಾಗೇ. ಮೆಟ್ಟಿಲು ಹತ್ತುವ ಸದ್ದು ಮಾತ್ರ ಒಂದು ದಿನವೂ ಕೇಳಲಿಲ್ಲ. ಹೋಗಿ ನೋಡಿದರೆ ಚೊಂಬಿನ ನೀರು ಅರ್ಧಕ್ಕೆ ಇಳಿದಿರುತ್ತಿತ್ತು. ಜಲಜಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ ಚಳಿಜ್ವರ ಹಿಡಿಸಿಕೊಂಡಿದ್ದಳು. ಈಗ ಅವಳೇ ಒಂದೊಂದು ದಿನ ಚೊಂಬು ತುಂಬಿಸಿಡುತ್ತಿದ್ದಳು. ಮನೆಯ ಮುಂಬಾಗಿಲನ್ನು ಕೆರಿಯಮ್ಮ ಹಾಕಲು ಬಿಡುತ್ತಿರಲಿಲ್ಲ. ಎಂಥ ಚಳಿಗೂ ಅದು ತೆರೆದೇ ಇರಬೇಕು.

"ಕಾಲು ತೊಳ್ಕೊಂಡು ನಿಂತೇ ಇರ್ತಾನೆ ಕಣಾ ಹೂವಾ. ಕರೀದೆ ಹ್ಯಾಂಗೆ ಒಳಗೆ ಬರ್ತಾನೆ, ಅವನಿಗೆ ಮರ್ಯಾದಿ ಇಲ್ದಾ?" ಎನ್ನುತ್ತಿದ್ದಳು ಮುದುಕಿ.

ಚುನಾವಣೆಗೆ ವಾರವಿದೆ ಎನ್ನುವಾಗ ಸುಬ್ಬಯ್ಯನವರು ಕಾಲುವೆಯ ಹತ್ತಿರ ಹೂವಪ್ಪನನ್ನು ಅಡ್ಡಗಟ್ಟಿದರು. ಅವರ ಹಿಂದೆ, ಅವರ ಎಲೆಯಡಿಕೆ ಚೀಲ ಹಿಡಿದುಕೊಂಡು, ಅವರ ತೋಟದ ಆಳು ವಾಸಪ್ಪ. ತುಂಡು ಜಾಗಕ್ಕೆ ಕಂದಾಯ ಕಟ್ಟುತ್ತಿದ್ದದ್ದರಿಂದ ಅವನಿಗೂ ಒಂದು ಓಟಿತ್ತು.

"ಎಂತ ಹೂವಾ, ತಲೆ ತಗ್ಗಿಸ್ಕೊಂಡು ಹೋಗ್ತೀಯ? ಈ ಕಾಲುವೇಲಿ ಹೂಳು ತುಂಬಿದೆ ನೋಡು. ನಾನು ಗೆದ್ರೆ ತೆಗೆಸ್ತೀನಿ. ಗೆಲ್ದೇ ಇದ್ರೆ ಹೂಳು ಹಂಗೇ ಇರ್ತದೆ. ನಾನೆಂತ ಮಾಡ್ಲಿ?"

ಬೈದಿದ್ದರೆ ಒಳ್ಳೆಯದಿತ್ತು. ನಗುನಗುತ್ತಾ ಹೇಳಿದರು. ವಾಸಪ್ಪ ಹೂವಪ್ಪನ ಮುಖ ನೋಡದೆ ಕಾಲುವೆಯನ್ನೇ ನೋಡುತ್ತಾ ನಿಂತಿದ್ದ.

ಮರುದಿನ ಹೆಗ್ಗಡೆಯವರ ಮನೆಯಿಂದ ಕರೆ ಬಂತು. ಹೂವಪ್ಪ ಹೋದಾಗ ಅವರು ಬಾವಿಕಟ್ಟೆಯ ಹತ್ತಿರ ನೀರು ಸೋಸುತ್ತಿದ್ದರು. ಜೈನರ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಹೊಸದೇನಲ್ಲ. ತಮ್ಮಿಂದ ಒಂದು ಹುಳವೂ ಸಾಯಬಾರದು ಎನ್ನುವವರು ಅವರು. ಆದರೆ ಹೆಗ್ಗಡೆಯವರು ಸೋಸಿದ್ದನ್ನೇ ಮತ್ತೆ ಸೋಸುತ್ತಿದ್ದರು. ಸೋಸಿ, ಬಟ್ಟೆಯನ್ನು ಬಿಸಿಲಿಗೆ ಹಿಡಿದು, ಅದರಲ್ಲಿ ಏನಾದರೂ ಸಿಕ್ಕಿದೆಯೇ ಎಂದು ಹತ್ತಿರದಿಂದ ನೋಡುತ್ತಿದ್ದರು. ಮತ್ತೆ ಇನ್ನೊಂದು ಸಲ ಸೋಸುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಜಿನಮತಿಯಮ್ಮ, "ಮೂರು ವರ್ಷದಿಂದ ಹೀಗೇ ಮಾರಾಯ. ಬಾಯಾರಿ ಸತ್ತರೂ ಒಂದು ಲೋಟ ನೀರು ಸರಿಯಾಗಿ ಕುಡಿಯಲ್ಲ," ಎಂದು ಒಳಗೆ ಹೋದರು.

"ಹೂವಪ್ಪ, ನಿನಗೆ ಯಾರಿಗೆ ಸರಿ ಕಾಣ್ತದೋ ಅವರ ಹೆಸರು ಹೇಳು. ನನ್ನ ಗದ್ದೆ ಮಾಡ್ತೀಯ ಅಂತ ನನ್ನ ಹೆಸರೇ ಹೇಳಬೇಕು ಅಂತಿಲ್ಲ," ಎಂದರು ಹೆಗ್ಗಡೆಯವರು. ಹೇಳುವಾಗ ಹೂವಪ್ಪನ ಕಡೆ ನೋಡಲಿಲ್ಲ, ಬಟ್ಟೆಯ ಕಡೆ ನೋಡುತ್ತಿದ್ದರು. ಇಂಥ ಮಾತಿಗೆ ಹೂವಪ್ಪನ ಮನಸ್ಸು ಕರಗಬೇಕಾಗಿತ್ತು. ಕರಗುವ ಬದಲು ಅವನು ಎರಡು ಹೆಜ್ಜೆ ಹಿಂದೆ ಸರಿದ, ಯಾಕೆಂದು ಅವನಿಗೇ ತಿಳಿಯಲಿಲ್ಲ.

ಮನುಷ್ಯರಿಂದ ತೀರ್ಮಾನವಾಗದ್ದನ್ನು ತೂಬಿನಕೊಪ್ಪದವರು ಚೌಡಿಗೆ ಒಪ್ಪಿಸುತ್ತಿದ್ದರು. ಕೆರೆ ಏರಿಯ ತುದಿಯಲ್ಲಿ ಮತ್ತಿಮರದ ಬುಡಕ್ಕೆ ಒಂದು ಕರಿಕಲ್ಲು, ಅದೇ ಚೌಡಿ. ಬೆಳಗಿನ ಜಾವ ಮಿಂದು ಒದ್ದೆಬಟ್ಟೆಯಲ್ಲಿ ಒಬ್ಬನೇ ಹೋಗಬೇಕು. ಸಿಂಗಾರದ, ಅಂದರೆ ಅಡಿಕೆ ಹೂಗೊಂಚಲಿನ, ಎಸಳುಗಳನ್ನು ನೀರಿನಲ್ಲಿ ಅದ್ದಿ ಕಲ್ಲಿನ ಎಡಕ್ಕೂ ಬಲಕ್ಕೂ ಅಂಟಿಸಿ ಪ್ರಸಾದ ಕೇಳಬೇಕು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಇದಕ್ಕೆ ಎರಡು ಕಟ್ಟಳೆ. ಎಡಪ್ರಸಾದ ತಗೊಂಡು ಎದ್ದು ಬರುವ ಹಾಗಿಲ್ಲ, ಬಲಕ್ಕೆ ಆಗುವ ತನಕ ಕೇಳುತ್ತಲೇ ಇರಬೇಕು. ಬಲಪ್ರಸಾದ ಆದ ಮೇಲೆ ಅದನ್ನು ಮೀರುವ ಹಾಗಿಲ್ಲ, ನಡೆಸಿಕೊಡುವ ತನಕ ಯಾರ ಹತ್ತಿರವೂ ಬಾಯಿಬಿಡುವ ಹಾಗೂ ಇಲ್ಲ. ಹೆಂಡತಿಯ ಹತ್ತಿರವೂ.

ಹೂವಪ್ಪ ಹೋದ. ಕೆರೆಯ ಮೇಲೆ ಮಂಜು ಕೂತಿತ್ತು. ತೂಬಿನ ಕಲ್ಲುಗಳ ತಲೆ ಮಾತ್ರ ಮಂಜಿನ ಮೇಲೆ ಕಾಣುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿದ್ದರೂ ಎಸಳು ಅಂಟಿಸಿ ಕೈಮುಗಿದು, "ತಾಯೀ, ಹೆಗ್ಗಡೇರ ಹೆಸರು ಹೇಳ್ಲಾ?" ಎಂದು ಕೇಳಿದ. ಎಡಗಡೆಯ ಎಸಳು ಬಿತ್ತು. ಸ್ವಲ್ಪ ಆಶ್ಚರ್ಯವಾಯಿತು. ಹಾಗಾದರೆ ಸುಬ್ಬಯ್ಯನೇ ಗತಿಯೆಂದುಕೊಂಡು ಮತ್ತೆ ಅಂಟಿಸಿ ಕೇಳಿದ. ಅದಕ್ಕೂ ಎಡವೇ ಆಯಿತು.

ಈಗ ಎದ್ದು ಬರುವ ಹಾಗಿಲ್ಲ. ಹೂವಪ್ಪ ಊರಿನ ಹೆಸರುಗಳನ್ನೆಲ್ಲ ಒಂದೊಂದಾಗಿ ಹಿಡಿದ. ಪಕ್ಕದ ಮನೆಯ ದುಗ್ಗಪ್ಪನಾ? ಎಡ. ಗುತ್ಯಪ್ಪನಾ? ಎಡ. ತನ್ನನ್ನೇ ಕೇಳಿನೋಡೋಣವೆಂದು ನಾಚಿಕೆ ಬಿಟ್ಟು, "ನಾನಾ ತಾಯೀ?" ಎಂದ. ಮಾತು ಮುಗಿಯುವ ಮೊದಲೇ ಎಡಗಡೆಯದು ಬಿತ್ತು. ಅಷ್ಟು ಅವಸರ ಮಾಡಬೇಕಿರಲಿಲ್ಲ ಚೌಡಿ ಎಂದು ಅವನಿಗೆ ಬೇಸರವೂ ಆಯಿತು. ಕಡೆಗೆ ಶೇಕದಾರರನ್ನೂ ಕೇಳಿದ. ಚೌಡಿಗೆ ಸರ್ಕಾರವೂ ಬೇಡವಾಗಿತ್ತು.

ಹೆಸರುಗಳು ಮುಗಿದವು. ಕೈ ಮರಗಟ್ಟಿತ್ತು. ಆಗ ಹಿಂದುಗಡೆ, ಮಂಜಿನೊಳಗೆ, ನೀರಿನಂಚಿನಲ್ಲಿ ಆ ಸದ್ದು ಕೇಳಿಸಿತು. ನೀರು ಸುರಿದ ಸದ್ದು, ಕಾಲಿಗೆ ಕಾಲು ಉಜ್ಜಿದ ಸದ್ದು. ಮೂರು ವರ್ಷದಲ್ಲಿ ಅದು ಬೆಳಗಿನ ಹೊತ್ತು ಕೇಳಿದ್ದು ಅದೇ ಮೊದಲು. ಹೂವಪ್ಪ ತಿರುಗಿ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಕಲ್ಲನ್ನೇ ನೋಡುತ್ತಾ, "ಮಾಸ್ತಪ್ಪನಾ?" ಎಂದ.

ಬಲಗಡೆಯ ಎಸಳುಗಳು ಒಂದೂ ಉಳಿಯದೆ ಒಟ್ಟಿಗೆ ಜಾರಿ ಅವನ ಮೊಣಕಾಲ ಹತ್ತಿರ ಬಿದ್ದವು. ಎಡಗಡೆಯವು ಕಲ್ಲಿನಲ್ಲೇ ಹುಟ್ಟಿದವೇನೋ ಎನ್ನುವ ಹಾಗೆ ಅಲುಗಲಿಲ್ಲ.

ಮನೆಗೆ ಬಂದು ಒಲೆಯ ಮುಂದೆ ಕೂತರೂ ನಡುಕ ನಿಲ್ಲಲಿಲ್ಲ. "ಎಂತ ಆಯ್ತು? ಯಾರಿಗೆ ಆಯ್ತು ಪ್ರಸಾದ?" ಎಂದಳು ಜಲಜಮ್ಮ. ಹೇಳುವ ಹಾಗಿರಲಿಲ್ಲ. ಹೇಳಿದ್ದರೂ ಏನೆಂದು ಹೇಳುವುದು? ಊರೆದುರು ಸತ್ತವನ ಹೆಸರು ಹೇಳಿದರೆ ನೀರೂ ಹೋಗುತ್ತದೆ, ಗದ್ದೆಯೂ ಹೋಗುತ್ತದೆ, ಹುಚ್ಚ ಎಂಬ ಹೆಸರು ಬಿಟ್ಟಿಯಾಗಿ ಬರುತ್ತದೆ. ಹೇಳದಿದ್ದರೆ ಚೌಡಿಯ ಮಾತು ಮೀರಿದ ಹಾಗೆ. ಅದನ್ನು ಮೀರಿ ಬದುಕಿದವರ ಕಥೆ ತೂಬಿನಕೊಪ್ಪದಲ್ಲಿ ಒಂದೂ ಇರಲಿಲ್ಲ. ಆ ವಾರ ಅವನು ಉಂಡದ್ದು ಕಡಿಮೆ, ಮಲಗಿದ್ದು ಇನ್ನೂ ಕಡಿಮೆ.

ಚುನಾವಣೆಯ ದಿನ ಶೇಕದಾರರು ಕಮಾನುಗಾಡಿಯಲ್ಲಿ ಬಂದಿಳಿಯುವಾಗಲೇ ಹೊತ್ತು ಇಳಿದಿತ್ತು. ಮೈಸೂರು ಕಡೆಯವರು. ರುಮಾಲು, ಕರಿಯ ಕೋಟು, ಮೂಗಿನಲ್ಲಿ ನೆಗಡಿ. ಮಲೆನಾಡಿಗೆ ವರ್ಗವಾದದ್ದಕ್ಕೆ ಊರಿನವರೇ ಕಾರಣ ಎನ್ನುವ ಹಾಗೆ ಎಲ್ಲರನ್ನೂ ನೋಡಿದರು. ಚಾವಡಿಯಲ್ಲಿ ಮೇಜು ಹಾಕಿತ್ತು. ಮೇಜಿನ ಈಚೆಗೆ ಹೆಗ್ಗಡೆಯವರು, ಆಚೆಗೆ ಸುಬ್ಬಯ್ಯನವರು, ಒಂದೊಂದು ಬೆಂಚು. ಓಟಿದ್ದವರೆಲ್ಲ ಅಂಗಳದಲ್ಲಿ ಕಂಬಳಿ ಹೊದ್ದು ನಿಂತಿದ್ದರು. ಯಾವತ್ತೂ ಇರುವ ಹರಟೆಯಿಲ್ಲ, ಕೀಟಲೆಯಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹೂವಪ್ಪ ತನ್ನ ಭಯದಲ್ಲೇ ಮುಳುಗಿದ್ದರಿಂದ ಇದನ್ನು ಗಮನಿಸಲಿಲ್ಲ.

ಸರ್ವೆ ನಂಬರು ಕೆರೆಯ ಕಡೆಯಿಂದ ಶುರುವಾಗುತ್ತಿದ್ದದ್ದರಿಂದ ಮೊದಲ ಕೂಗು ಅವನಿಗೇ ಬಂತು.

"ಯಾರಿಗಯ್ಯಾ ನಿನ್ನ ಓಟು? ಗಟ್ಟಿಯಾಗಿ ಹೇಳು," ಎಂದರು ಶೇಕದಾರರು.

ಹೂವಪ್ಪ ಹೆಗ್ಗಡೆಯವರನ್ನು ನೋಡಿದ, ಸುಬ್ಬಯ್ಯನವರನ್ನು ನೋಡಿದ. ಗದ್ದೆ ಕಣ್ಣೆದುರು ಬಂತು, ತಾಯಿ ಇಡುವ ಚೊಂಬು ಕಣ್ಣೆದುರು ಬಂತು.

"ಮಾಸ್ತಪ್ಪ," ಎಂದ.

"ಯಾವ ಮಾಸ್ತಪ್ಪ? ಉಮೇದುವಾರರು ಇವರಿಬ್ಬರೇ."

"ನಮ್ಮಣ್ಣ ಸ್ವಾಮಿ."

"ಎಲ್ಲಿದ್ದಾನೆ ಅವನು?"

"ಹೊರಗಿದ್ದಾನೆ ಸ್ವಾಮಿ."

"ಹೊರಗಿದ್ದರೆ ಒಳಗೆ ಕರಿ, ನೋಡೋಣ."

"ನಾನು ಕರೆದ್ರೆ ಬರಲ್ಲ ಸ್ವಾಮಿ."

ಸುಬ್ಬಯ್ಯನವರು ಗಹಗಹಿಸಿ ನಕ್ಕರು. "ಸತ್ತು ಮೂರು ವರ್ಷ ಆಯ್ತು ಸ್ವಾಮಿ ಅವ. ಇವನಿಗೆ ತಲೆ ಸಮ ಇಲ್ಲ." ಶೇಕದಾರರು ಮೂಗು ಒರೆಸಿಕೊಂಡು, ಈ ಓಟು ರದ್ದು ಎಂದು ಬರೆದುಕೊಂಡರು. ಹೆಗ್ಗಡೆಯವರು ನಗಲಿಲ್ಲ. ಅವರ ಎರಡೂ ಕೈ ಬೆಂಚಿನ ಅಂಚನ್ನು ಹಿಡಿದುಕೊಂಡಿದ್ದವು. ಮುಗಿಯಿತು ನನ್ನ ಕಥೆ ಎಂದುಕೊಂಡು ಹೂವಪ್ಪ ಕಂಬದ ಹತ್ತಿರ ಹೋಗಿ ನಿಂತ.

ಎರಡನೆಯವನು ದುಗ್ಗಪ್ಪ. ಅವನು ಮೇಜಿನ ಹತ್ತಿರ ಹೋಗುವ ಬದಲು ಹೂವಪ್ಪನನ್ನೇ ನೋಡುತ್ತಾ ಬಾಯಿ ತೆರೆದು ನಿಂತುಬಿಟ್ಟಿದ್ದ. ಜವಾನ ಭುಜ ಹಿಡಿದು ತಳ್ಳಿದ.

"ಯಾರಿಗೆ?"

"ಮಾಸ್ತಪ್ಪ," ಎಂದ ದುಗ್ಗಪ್ಪ.

ಆಮೇಲೆ ಗುತ್ಯಪ್ಪ. ಮಾಸ್ತಪ್ಪ. ಆಮೇಲೆ ಸೀತಾರಾಮಪ್ಪ. ಮಾಸ್ತಪ್ಪ. ಒಬ್ಬರಾದ ಮೇಲೆ ಒಬ್ಬರು ಮೇಜಿನ ಮುಂದೆ ಬಂದು ಅದೇ ಹೆಸರು ಹೇಳಿ ಕಂಬದ ಕಡೆಗೆ ಬಂದು ನಿಂತರು. ಸುಬ್ಬಯ್ಯನವರ ಎಲೆಯಡಿಕೆ ಚೀಲ ಹಿಡಿದುಕೊಂಡೇ ಬಂದ ವಾಸಪ್ಪನೂ, ಒಡೆಯನ ಮುಖ ನೋಡದೆ ಕಣ್ಣು ಮುಚ್ಚಿಕೊಂಡು, ಮಾಸ್ತಪ್ಪ ಎಂದ. ಸುಬ್ಬಯ್ಯನವರ ನಗು ಅಲ್ಲಿಗೆ ನಿಂತಿತು.

ಇದನ್ನು ಒಗ್ಗಟ್ಟು ಎಂದು ಯಾರೂ ಹೊಗಳುವುದು ಬೇಡ. ಯಾರೂ ಯಾರ ಹತ್ತಿರವೂ ಮಾತಾಡಿಕೊಂಡಿರಲಿಲ್ಲ, ಮಾತಾಡುವ ಹಾಗೇ ಇರಲಿಲ್ಲವಲ್ಲ. ಅವರವರ ಬೆಳಗಿನ ಜಾವದಲ್ಲಿ, ಅವರವರ ಒದ್ದೆಬಟ್ಟೆಯಲ್ಲಿ, ಒಬ್ಬೊಬ್ಬರೇ ಹೋಗಿ, ಇಬ್ಬರಿಗೂ ಎಡವಾಗಿ, ಎದ್ದು ಬರಲಾರದೆ ಹೆಸರುಗಳನ್ನೆಲ್ಲ ಮುಗಿಸಿ, ಕಡೆಗೆ ಆ ಸದ್ದು ಕೇಳಿ, ಆ ಹೆಸರು ಹೇಳಿದವರೇ ಎಲ್ಲರೂ. ತನಗೊಬ್ಬನಿಗೇ ಹೀಗಾಯಿತು ಎಂದು ವಾರವೆಲ್ಲ ನಡುಗಿದವರು, ಈಗ ಎಲ್ಲರಿಗೂ ಹೀಗೇ ಆಗಿದೆ ಎಂದು ತಿಳಿದು ಇನ್ನೂ ನಡುಗಿದರು. ಕಂಬದ ಹತ್ತಿರ ಜನ ದನಗಳ ಹಾಗೆ ಮೈಗೆ ಮೈ ತಾಗಿಸಿಕೊಂಡು ನಿಂತರು.

"ಇದೇನು, ಸರ್ಕಾರದ ಜೊತೆ ತಮಾಷೆಯೋ? ಎಲ್ಲರನ್ನೂ ಒಳಗೆ ಹಾಕಿಸ್ತೀನಿ," ಎಂದು ಶೇಕದಾರರು ಮೇಜು ಗುದ್ದಿದರು. ಹೊತ್ತು ಕಂತುತ್ತಾ ಬಂದಿತ್ತು. ಹೆಗ್ಗಡೆಯವರು ಕತ್ತಲೆಗೆ ಮುಂಚೆ ಊಟ ಮುಗಿಸುವವರು, ಅವರ ಊಟದ ಹೊತ್ತು ಮೀರಿತ್ತು. ಅವರಿಗೆ ಅದರ ಗಮನವಿದ್ದ ಹಾಗೆ ಕಾಣಲಿಲ್ಲ.

ಉಮೇದುವಾರರಿಗೂ ಒಂದೊಂದು ಓಟಿತ್ತು. ಸುಬ್ಬಯ್ಯನವರು ಎದ್ದು, ತಮ್ಮ ಹೆಸರನ್ನು ತಾವೇ ಬೇರೆ ಯಾರದ್ದೋ ಎನ್ನುವ ಹಾಗೆ ಮೆಲ್ಲಗೆ ಹೇಳಿ ಕೂತರು. ಉಳಿದವರು ಹೆಗ್ಗಡೆಯವರೊಬ್ಬರೇ.

"ತಮ್ಮದು ಹೆಗ್ಗಡೆಯವರೇ?"

ಹೆಗ್ಗಡೆಯವರು ಎದ್ದು ನಿಂತರು. ಬಾಯಿ ತೆರೆದರು. ಅದೇ ಹೊತ್ತಿಗೆ ಚಾವಡಿಯ ಮೆಟ್ಟಿಲ ಹತ್ತಿರ ನೀರು ಸುರಿದ ಸದ್ದಾಯಿತು. ಅಲ್ಲಿ ಚೊಂಬಿರಲಿಲ್ಲ, ನೀರಿರಲಿಲ್ಲ, ದೀಪಾವಳಿಯಿಂದೀಚೆಗೆ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ಆಮೇಲೆ ಕಾಲಿಗೆ ಕಾಲು ಉಜ್ಜಿದ ಸದ್ದು. ಈ ಸಲ ಎಲ್ಲರೂ ಕೇಳಿದರು. ಶೇಕದಾರರೂ ತಲೆಯೆತ್ತಿ, "ಯಾರಯ್ಯಾ ಅದು ಹೊರಗೆ?" ಎಂದರು.

ಹೆಗ್ಗಡೆಯವರು ಮೆಟ್ಟಿಲ ಕಡೆ ನೋಡುತ್ತಿದ್ದರು. ಅವರ ಮುಖದಲ್ಲಿದ್ದದ್ದು ಬರಿಯ ಭಯವಲ್ಲ. ಬಹಳ ದಿನದಿಂದ ಹೊತ್ತ ಮೂಟೆಯನ್ನು ಇಳಿಸಲು ಜಾಗ ಕಂಡವರ ಮುಖ ಹಾಗಿರುತ್ತದೆ. ಅವರು ಬೆಂಚು ದಾಟಿ ಎರಡು ಹೆಜ್ಜೆ ಮುಂದೆ ಬಂದು, ಬಗ್ಗಿ, ಕೆಳಗಿನ ನೀರಿನಲ್ಲಿರುವ ಮನುಷ್ಯನಿಗೆ ಏರಿಯ ಮೇಲಿಂದ ಕೈ ಚಾಚುವ ಹಾಗೆ ಕೈ ಚಾಚಿದರು.

"ಮಾಸ್ತಪ್ಪಾ! ಸಾಕು ಬಾರೋ. ಗೂಟ ಬಿಟ್ಟುಬಿಡು. ಗದ್ದೆ ಹೋದ್ರೆ ಹೋಗ್ಲಿ, ಮಾಸ್ತಪ್ಪಾ, ಮೇಲೆ ಬಾ. ನನ್ನ ಕೈ ಹಿಡ್ಕೋ, ಬಾರೋ!"

ಊರಿಗೆ ಊರೇ ಕೇಳಿತು. ಮೂರು ವರ್ಷದ ಹಿಂದೆ ಏರಿಯ ಮೇಲೆ ನಿಂತು ಹೇಳಬೇಕಾಗಿದ್ದ ಮಾತು ಅದು. ಆಗ ಗದ್ದೆ ನೋಡುತ್ತಾ ನಿಂತು ಹೇಳದೆ ಉಳಿದದ್ದನ್ನು ಈಗ ಒಂದಕ್ಷರ ಬಿಡದೆ ಹೇಳಿದರು. ಹೇಳಿ, ಚಾಚಿದ ಕೈಯನ್ನು ಹಾಗೇ ಹಿಡಿದು, ನೆಲದ ಮೇಲೆ ಕೂತುಬಿಟ್ಟರು.

ಜವಾನ ಲಾಟೀನು ಹಿಡಿದು ಮೆಟ್ಟಿಲ ಹತ್ತಿರ ಹೋಗಿ ನೋಡಿದ. ಯಾರೂ ಇರಲಿಲ್ಲ. ಒಣಗಿದ ಕಲ್ಲಿನ ಮೇಲೆ ಎರಡು ಒದ್ದೆ ಹೆಜ್ಜೆಗಳಿದ್ದವು. ಬೆರಳುಗಳು ಚಾವಡಿಯ ಕಡೆಗಿರಲಿಲ್ಲ, ಕೆಳಕೇರಿಯ ಕಡೆಗೆ, ಹೂವಪ್ಪನ ಮನೆಯ ದಾರಿಗೆ ತಿರುಗಿದ್ದವು.

ಶೇಕದಾರರು ಕಾನೂನು ಬಲ್ಲವರು. ಹೆಗ್ಗಡೆಯವರು ಹೇಳಿದ್ದೂ ಉಮೇದುವಾರನಲ್ಲದವನ ಹೆಸರು, ಆದ್ದರಿಂದ ಅದೂ ರದ್ದು ಎಂದು ಬರೆದು, ಒಂದು ಓಟಿನಿಂದ, ಅದೂ ತಮ್ಮದೇ ಓಟಿನಿಂದ, ಸುಬ್ಬಯ್ಯನವರು ಚೇರ್ಮನ್ ಆಗಿ ಗೆದ್ದಿದ್ದಾರೆಂದು ಸಾರಿದರು. ತಂದಿಟ್ಟಿದ್ದ ಹಾರವನ್ನು ಹಾಕಲು ಯಾರೂ ಮುಂದೆ ಬರಲಿಲ್ಲ. ವಾಸಪ್ಪ ಎಲೆಯಡಿಕೆ ಚೀಲವನ್ನು ಬೆಂಚಿನ ಮೇಲಿಟ್ಟು ಹೊರಟುಹೋಗಿದ್ದ.

ಹೂವಪ್ಪ ಇದ್ಯಾವುದನ್ನೂ ನೋಡಲಿಲ್ಲ. ಅವನು ಓಡುತ್ತಿದ್ದ. ಸಿಟ್ಟು ಬರಬೇಕಾಗಿತ್ತು, ಇನ್ನೂ ಬಂದಿರಲಿಲ್ಲ. ಮೂರು ವರ್ಷ ಆ ಅಕ್ಕಿಯನ್ನುಂಡದ್ದು ಮಾತ್ರ ನೆನಪಾಗುತ್ತಿತ್ತು.

ಮನೆಯ ಅಂಗಳದಲ್ಲಿ ಜಲಜಮ್ಮ ದೀಪ ಹಿಡಿದು ನಿಂತಿದ್ದಳು. ಅವಳು ಬೆರಳು ತೋರಿಸಿದಳು. ಚೊಂಬು ಪೂರ್ತಿ ಖಾಲಿಯಾಗಿತ್ತು. ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆ, ಜಗಲಿಯ ಮೇಲೆ ಒದ್ದೆ ಹೆಜ್ಜೆ, ಹೊಸಿಲ ಮೇಲೆ ಒದ್ದೆ ಹೆಜ್ಜೆ. ಅವು ನಡುಮನೆ ದಾಟಿ ಒಳಕೋಣೆಗೆ, ಹಿರಿಯರ ಮಣೆಯ ಮುಂದಕ್ಕೆ ಹೋಗಿದ್ದವು. ಹಿಂದಕ್ಕೆ ಬಂದ ಗುರುತು ಒಂದೂ ಇರಲಿಲ್ಲ.

ಕೆರಿಯಮ್ಮ ಮಣೆಯ ಪಕ್ಕದಲ್ಲಿ, ಒದ್ದೆಯಾದ ನೆಲದ ಮೇಲೆ ಅಂಗೈ ಊರಿಕೊಂಡು ಕೂತಿದ್ದಳು. "ಬಂದ ಕಣಾ ಹೂವಾ," ಎಂದಳು. ಆಮೇಲೆ, "ಯಾರು ಕರೆದ್ರು?"

"ಹೆಗ್ಗಡೇರು ಕರೆದ್ರು ಅವ್ವ."

ಮೂಲೆಯಲ್ಲಿ ಹೋದ ಅಮಾವಾಸ್ಯೆಗೆ ಬಂದ ಅಕ್ಕಿಮುಡಿ ಇತ್ತು, ಅರ್ಧ ಮುಗಿದಿತ್ತು. ಮುದುಕಿ ಅದನ್ನೇ ನೋಡುತ್ತಾ ಕೂತಳು.

"ಒಂದು ಬಾ ಅನ್ನಕ್ಕೆ ಮೂರು ವರ್ಷ ಬೇಕಾಯ್ತನಾ ಅವರಿಗೆ," ಎಂದಳು ಕಡೆಗೆ. "ಆ ಮುಡಿ ನಾಳೆ ಹೊತ್ಕೊಂಡು ಹೋಗಿ ಅವರ ಜಗಲಿ ಮೇಲೆ ಇಟ್ಟು ಬಾ. ಮಗ ಮನೆಗೆ ಬಂದಾನೆ, ಇನ್ನು ಅಕ್ಕಿ ಕಳ್ಸೋದು ಬೇಡ ಅಂತ ಹೇಳು."

"ಗದ್ದೆ ಬಿಡಿಸಿದ್ರೆ ಎಂತ ಮಾಡೋದು ಅತ್ತೆ?" ಎಂದಳು ಜಲಜಮ್ಮ.

"ಬಿಡಿಸ್ಲಿ," ಎಂದಳು ಕೆರಿಯಮ್ಮ.

ಗೋಡೆ ಹಿಡಿದುಕೊಂಡು ಎದ್ದು, ಅಂಗಳಕ್ಕಿಳಿದು ಚೊಂಬನ್ನು ತಂದು, ಒಳಗೆ ಪಾತ್ರೆಗಳ ಸಾಲಿನಲ್ಲಿ ಕವುಚಿ ಇಟ್ಟಳು. ಆಮೇಲೆ ಮುಂಬಾಗಿಲ ಹತ್ತಿರ ಹೋದಳು. ಮೂರು ವರ್ಷದಿಂದ ತೆರೆದೇ ಇದ್ದ ಬಾಗಿಲು ಕೀಲು ಹಿಡಿದು ಕಿರುಗುಟ್ಟಿತು, ಹೂವಪ್ಪ ಕೈ ಕೊಡಬೇಕಾಯಿತು. ಇಬ್ಬರೂ ಸೇರಿ ಬಾಗಿಲು ಹಾಕಿ ಅಗಳಿ ಜಡಿದರು. ಹೊರಗೆ ಚಳಿ ಬಹಳ ಇತ್ತು.